ಹನ್ನೊಂದನೇ ನಂಬರಿನ ಅಂಗಿ

(ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟ ಕೆಡದಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡಬೇಕಾಗಿರುವುದು ಕಜುಯೋಶಿ ಮಿಯುರಾ ಅನ್ನುವ ಫುಟ್‌ಬಾಲ್ ಆಟಗಾರನ ಬಗ್ಗೆ. ಜಪಾನಿನಲ್ಲಿ ಪೂರ್ತಿ ಹೆಸರು ಹೇಳುವವರು ಕಡಿಮೆ. ಅಲ್ಲಿ ಅವನು ಬರೀ ಕಜು, ಇಲ್ಲವೇ ‘ಕಿಂಗ್ ಕಜು’. ಹೆಸರು ಕೇಳಿದ ಕೂಡಲೇ ಮುಂದಿನ ಸಾಲಿನಲ್ಲಿ ಯಾರಿಗೋ ಗೋಡಂಬಿ ನೆನಪಾಗಿ ನಗು ಬಂತು. ಪರವಾಗಿಲ್ಲ, ಹೆಸರು ಮರೆಯದೆ ಉಳಿಯುವುದಕ್ಕೆ ಅಷ್ಟು ಸಾಕು. ಇನ್ನೊಂದು ಮಾತು. ನನಗಿಂತ ದೊಡ್ಡವನಾದರೂ ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ಇಷ್ಟದ ಆಟಗಾರನನ್ನು ಬಹುವಚನದಲ್ಲಿ ಕರೆದರೆ ಯಾಕೋ ಅವನು ಮೈದಾನದಿಂದ ಎದ್ದು ವೇದಿಕೆಯ ಕುರ್ಚಿಗೆ ಹೋಗಿ ಕೂತಂತೆ ಅನ್ನಿಸುತ್ತದೆ.

ನೇರ ಒಂದು ಸಂಜೆಗೆ ಹೋಗೋಣ. 2011ರ ಮಾರ್ಚ್ 29, ಒಸಾಕಾದ ನಾಗಾಯ್ ಕ್ರೀಡಾಂಗಣ. ಈಶಾನ್ಯ ಜಪಾನನ್ನು ಭೂಕಂಪ, ತ್ಸುನಾಮಿ ಬಡಿದು ಆಗಿನ್ನೂ ಹದಿನೆಂಟು ದಿನ. ಊರಿಗೆ ಊರೇ ಕೊಚ್ಚಿಹೋಗಿದೆ, ಶವಗಳ ಹುಡುಕಾಟ ಮುಗಿದಿಲ್ಲ, ಫುಕುಶಿಮಾದ ಅಣು ಸ್ಥಾವರದಿಂದ ದಿನಕ್ಕೊಂದು ಕೆಟ್ಟ ಸುದ್ದಿ. ಲೀಗ್ ಪಂದ್ಯಗಳು ನಿಂತಿವೆ. ಸಂತ್ರಸ್ತರ ನೆರವಿಗಾಗಿ ಒಂದೇ ಒಂದು ಪಂದ್ಯ ನಡೆಯುತ್ತಿದೆ. ಒಂದು ಕಡೆ ರಾಷ್ಟ್ರೀಯ ತಂಡ, ಎರಡು ತಿಂಗಳ ಹಿಂದಷ್ಟೇ ಏಷ್ಯಾ ಕಪ್ ಗೆದ್ದು ಬಂದದ್ದು. ಇನ್ನೊಂದು ಕಡೆ ಜಪಾನಿನ ವೃತ್ತಿಪರ ಲೀಗಾದ ಜೆ-ಲೀಗಿನ ಆಯ್ದ ಆಟಗಾರರು. ಈ ಎರಡನೇ ತಂಡಕ್ಕೆ ದ್ವಿತೀಯಾರ್ಧದಲ್ಲಿ ಬದಲಿಯಾಗಿ ಇಳಿದವನು 44 ವರ್ಷದ ಕಜು. ಆಗ ಅವನು ಆಡುತ್ತಿದ್ದದ್ದು ಎರಡನೇ ಡಿವಿಷನ್ನಿನ ಯೋಕೊಹಾಮಾ ಎಫ್‌ಸಿಗೆ.

82ನೇ ನಿಮಿಷ. ಹಿಂದಿನಿಂದ ಉದ್ದನೆಯ ಚೆಂಡು ಬಂತು, ಅದು ತಲೆಯ ಮೇಲಿಂದ ಜಾರಿ ಮುಂದಕ್ಕೆ ಬಿತ್ತು, ಕಜು ಓಡಿದ, ಒದ್ದ, ಗೋಲು. ಆಮೇಲಿನ ಒಂದೆರಡು ಕ್ಷಣ ನೋಡಬೇಕು. ಗೋಲು ಹೊಡೆದಾಗ ಇವನದ್ದೇ ಒಂದು ಕುಣಿತವಿದೆ, ‘ಕಜು ಡಾನ್ಸ್’ ಅಂತಲೇ ಹೆಸರು. ಬ್ರೆಜಿಲಿನ ಸಾಂಬಾದ ಗಾಳಿ ಸೋಕಿದ ಹೆಜ್ಜೆ ಅದು. ಸೂತಕದಲ್ಲಿರುವ ದೇಶ. ಕುಣಿಯುವುದೋ ಬೇಡವೋ? ಅವನು ಕುಣಿದ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು. ಆ ಪಂದ್ಯ ಗೆದ್ದದ್ದು ರಾಷ್ಟ್ರೀಯ ತಂಡ, 2-1ರಿಂದ. ಆದರೆ ಮರುದಿನದ ಪತ್ರಿಕೆಗಳನ್ನು ಗೆದ್ದವನು ಸೋತ ತಂಡದ ಈ ಮುದುಕ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಈ ಮನುಷ್ಯ ಒಂದೇ ಒಂದು ವಿಶ್ವಕಪ್ ಪಂದ್ಯ ಆಡಿಲ್ಲ. ಯುರೋಪಿನಲ್ಲಿ ಹೇಳಿಕೊಳ್ಳುವಂಥದ್ದು ಮಾಡಲಿಲ್ಲ. ಇವನಿಗಿಂತ ಒಳ್ಳೆಯ ಆಟಗಾರರು ಜಪಾನಿನಲ್ಲಿ ಆಮೇಲೆ ಡಜನ್‌ಗಟ್ಟಲೆ ಬಂದರು. ಹಿದೆತೋಶಿ ನಕಾತಾ ಬಂದ, ಶುನ್‌ಸುಕೆ ನಕಾಮುರಾ ಬಂದ, ಹೋಂಡಾ, ಕಗಾವಾ ಬಂದರು. ‘ಕಿಂಗ್’ ಅನ್ನುವ ಬಿರುದು ಮಾತ್ರ ಇವನ ಹತ್ತಿರವೇ ಉಳಿಯಿತು. ಯಾಕೆ?

ಉತ್ತರ ಬ್ರೆಜಿಲಿನಲ್ಲಿ ಶುರುವಾಗುತ್ತದೆ.

ಕಜು ಹುಟ್ಟಿದ್ದು 1967ರ ಫೆಬ್ರವರಿ 26ರಂದು, ಶಿಜುವೋಕಾದಲ್ಲಿ. ಬೇಸ್‌ಬಾಲ್ ಹುಚ್ಚಿನ ಜಪಾನಿನಲ್ಲಿ ಫುಟ್‌ಬಾಲ್ ಹುಚ್ಚಿನ ಒಂದು ಊರಿದ್ದರೆ ಅದು ಇದೇ. ತಂದೆಯ ಸಹೋದರ ನಡೆಸುತ್ತಿದ್ದ ಮಕ್ಕಳ ಕ್ಲಬ್ಬಿನಲ್ಲಿ ಆಟ ಕಲಿತ. ಅಣ್ಣ ಯಸುತೋಶಿಯೂ ಆಟಗಾರನೇ. ಪ್ರೌಢಶಾಲೆಗೆ ಸೇರಿ ವರ್ಷ ತುಂಬಿರಲಿಲ್ಲ, ಬ್ರೆಜಿಲಿಗೆ ಹೋಗಿ ವೃತ್ತಿಪರ ಆಟಗಾರನಾಗುತ್ತೇನೆ ಅಂತ ಹಟ ಹಿಡಿದ. ಶಾಲೆಯ ಕೋಚ್ ‘ನೂರಕ್ಕೆ ತೊಂಬತ್ತೊಂಬತ್ತು ಪಾಲು ಆಗದ ಮಾತು’ ಅಂದರಂತೆ. ಹಾಗಾದರೆ ಒಂದು ಪಾಲು ಉಂಟಲ್ಲ, ಅದನ್ನು ನಂಬುತ್ತೇನೆ ಅಂದನಂತೆ ಹುಡುಗ. ಈ ಕತೆಯನ್ನು ಜಪಾನಿನಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ ಈಗ ಅದಕ್ಕೆ ಹಾಲು ತುಪ್ಪ ಸೇರಿರಬಹುದು. ಆದರೆ 1982ರ ಡಿಸೆಂಬರಿನಲ್ಲಿ ಹದಿನೈದು ವರ್ಷದ ಹುಡುಗ ಶಾಲೆ ಬಿಟ್ಟು ಒಬ್ಬನೇ ವಿಮಾನ ಹತ್ತಿದ್ದಂತೂ ನಿಜ.

ಆ ಕಾಲದ ಬ್ರೆಜಿಲಿನಲ್ಲಿ ಜಪಾನಿಯರು ಅಪರೂಪದವರೇನಲ್ಲ. 1908ರಲ್ಲಿ ಕಸಾಟೊ ಮಾರು ಎಂಬ ಹಡಗು ಕಾಫಿ ತೋಟಗಳಿಗೆ ಕೂಲಿಗಳನ್ನು ತುಂಬಿಕೊಂಡು ಸಾಂಟೋಸ್ ಬಂದರಿಗೆ ಬಂದ ದಿನದಿಂದ ಅವರ ವಂಶ ಅಲ್ಲಿ ಬೆಳೆದಿದೆ. ತರಕಾರಿ ಬೆಳೆಯುವುದರಲ್ಲಿ, ಅಂಗಡಿ ಇಡುವುದರಲ್ಲಿ, ಓದಿನಲ್ಲಿ ಅವರನ್ನು ಮೀರಿಸುವವರಿಲ್ಲ ಅನ್ನುವ ಹೆಸರು. ಫುಟ್‌ಬಾಲ್ ವಿಷಯಕ್ಕೆ ಬಂದರೆ ಮಾತ್ರ ನಗು. ಯಾರಾದರೂ ಕೆಟ್ಟದಾಗಿ ಆಡಿದರೆ ‘ಜಪಾನಿ ಥರ ಆಡ್ತೀಯಲ್ಲೋ’ ಅಂತ ಬೈಯುವುದು ಬೀದಿಯ ರೂಢಿಯೇ ಆಗಿತ್ತು. ಬೈಗುಳವಾಗಿದ್ದ ಹೆಸರನ್ನೇ ಹೊತ್ತುಕೊಂಡು ಇವನು ಸಾವೊ ಪೌಲೊ ನಗರದ ಜುವೆಂಟಸ್ ಅನ್ನುವ ಸಣ್ಣ ಕ್ಲಬ್ಬಿನ ಕಿರಿಯರ ತಂಡಕ್ಕೆ ಸೇರಿದ. ಇಟಲಿಯ ಜುವೆಂಟಸ್ ಅಲ್ಲ, ಅದರ ಹೆಸರಿಟ್ಟುಕೊಂಡ ವಲಸಿಗರ ಬಡಾವಣೆಯ ಕ್ಲಬ್ಬು. ಭಾಷೆ ಬಾರದು, ಊಟ ಸೇರದು, ಚೆಂಡು ಯಾರೂ ಕೊಡರು.

ಒಂದು ಹಂತದಲ್ಲಿ ಗಂಟುಮೂಟೆ ಕಟ್ಟುವ ಯೋಚನೆ ಮಾಡಿದ್ದನ್ನು ಅವನೇ ಹೇಳಿಕೊಂಡಿದ್ದಾನೆ. ಆಗ ರಿಯೊದ ಒಂದು ಉದ್ಯಾನದಲ್ಲಿ ಕೂತು ಹುಡುಗರ ಆಟ ನೋಡಿದನಂತೆ. ಹರಿದ ಚೆಂಡು, ಬರಿಗಾಲಿನ ಹುಡುಗರು, ಅವರ ನಡುವೆ ಒಂದೇ ಕಾಲಿನ ಒಬ್ಬ. ಅವರ ಮುಖದಲ್ಲಿ ಆಟದ ಸಂತೋಷ ಬಿಟ್ಟರೆ ಬೇರೇನೂ ಇಲ್ಲ. ನನಗೆ ಎರಡು ಕಾಲಿದೆ, ಬೂಟಿದೆ, ಚೆಂಡಿದೆ, ಏನು ಕೊರಗುತ್ತಿದ್ದೇನೆ ಅನ್ನಿಸಿ ಎದ್ದು ಬಂದನಂತೆ.

1986ರಲ್ಲಿ ಅವನಿಗೆ ಮೊದಲ ವೃತ್ತಿಪರ ಒಪ್ಪಂದ ಸಿಕ್ಕಿತು. ಕೊಟ್ಟದ್ದು ಸಾಂಟೋಸ್ ಕ್ಲಬ್ಬು. ಪೆಲೆಯ ಸಾಂಟೋಸ್! ಕೂಲಿಗಳ ಹಡಗು ಬಂದು ನಿಂತ ಅದೇ ಊರು. ಆದರೆ ಅಲ್ಲಿ ನೆಲೆ ಸಿಗಲಿಲ್ಲ. ಆಮೇಲಿನ ವರ್ಷಗಳು ಊರೂರು ಸುತ್ತಾಟ. ಜಪಾನಿ ಮೂಲದ ಕುಟುಂಬ ಕಟ್ಟಿದ ಮತ್ಸುಬಾರಾ ಕ್ಲಬ್ಬಿಗೆ ಹೋದ, ಈಶಾನ್ಯದ ಮಸೆಯೊ ನಗರದ ಸಿಆರ್‌ಬಿಗೆ ಹೋದ, ಅಲ್ಲಿಂದ ಸಾವೊ ಪೌಲೊ ರಾಜ್ಯದ ಜಾವು ಎಂಬ ಪೇಟೆಯ ಕ್ಲಬ್ಬಿಗೆ ಬಂದ. ಜಾವುವಿನಲ್ಲೇ ಅವನ ದೆಸೆ ತಿರುಗಿದ್ದು. 1988ರಲ್ಲಿ ಈ ಪೇಟೆ ತಂಡ ದೈತ್ಯ ಕೊರಿಂಥಿಯನ್ಸ್ ಮೇಲೆ ಆಡುವಾಗ ಕಜು ಗೋಲು ಹೊಡೆದ. ‘ಜಪಾನಿ ಥರ ಆಡ್ತೀಯ’ ಅನ್ನುವ ಬೈಗುಳದ ಮೊನೆ ಅಂದು ಸ್ವಲ್ಪ ಮೊಂಡಾಯಿತು. ಮುಂದೆ ಕೊರಿಟಿಬಾ, ಆಮೇಲೆ 1990ರಲ್ಲಿ ಮತ್ತೆ ಸಾಂಟೋಸ್. ಈ ಸಲ ತಂಡದಲ್ಲಿ ಜಾಗ ಗಿಟ್ಟಿಸಿಕೊಂಡ.

ಅದೇ ವರ್ಷ ಊರಿಗೆ ಮರಳಿದ. ಬಂದು ನೋಡಿದರೆ ಊರಲ್ಲಿ ಏನಿದೆ? ಕಾರ್ಖಾನೆ, ಕಂಪನಿಗಳ ತಂಡಗಳು. ಹಗಲು ಕಚೇರಿ, ಸಂಜೆ ಅಭ್ಯಾಸ. ನಮ್ಮ ಎಚ್‌ಎಎಲ್, ಐಟಿಐ ತಂಡಗಳ ಕಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರೇಕ್ಷಕರ ಸಾಲುಗಳು ಖಾಲಿ ಖಾಲಿ. ಆದರೆ ತೆರೆಮರೆಯಲ್ಲಿ ಪೂರ್ಣ ವೃತ್ತಿಪರ ಲೀಗಿನ ತಯಾರಿ ನಡೆದಿತ್ತು. 1993ರ ಮೇ 15ರ ರಾತ್ರಿ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಜೆ-ಲೀಗ್ ಶುರುವಾದಾಗ 59,626 ಜನ ಬಂದು ಕೂತಿದ್ದರು. ಎದುರಾದ ತಂಡಗಳು ಕಜುವಿನ ವೆರ್ಡಿ ಕವಾಸಾಕಿ ಮತ್ತು ಯೋಕೊಹಾಮಾ ಮರಿನೋಸ್. ವೆರ್ಡಿ ಸೋತಿತು, ಆದರೆ ಆ ವರ್ಷದ ಲೀಗು ಗೆದ್ದಿತು, ಮರುವರ್ಷವೂ ಗೆದ್ದಿತು. ಮೊದಲ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಕಜುವಿಗೆ. ಕಪ್ಪು ಕೋಟುಗಳ ಆ ಸಭೆಗೆ ಅವನು ಹೋದದ್ದು ಅಡಿಯಿಂದ ಮುಡಿವರೆಗೆ ಕೆಂಪು ಸೂಟಿನಲ್ಲಿ.

ಆ ಕೆಂಪು ಸೂಟನ್ನು ಶೋಕಿ ಅಂದು ತಳ್ಳಿಹಾಕಬಾರದು. ಎದ್ದು ಕಾಣಬಾರದು, ಎಲ್ಲರ ನಡುವೆ ಒಬ್ಬನಾಗಿರಬೇಕು ಅನ್ನುವುದನ್ನು ಎಳೆಯ ಮಕ್ಕಳಿಗೂ ಕಲಿಸುವ ಸಮಾಜ ಅದು. ಅಲ್ಲಿ ಇವನು ಬ್ರೆಜಿಲಿನಿಂದ ಕಾಲಿನ ಕಸರತ್ತನ್ನಷ್ಟೇ ತರಲಿಲ್ಲ, ಮೆರೆಯುವ ಧೈರ್ಯವನ್ನೂ ತಂದ. ಚೆಂಡಿನ ಮೇಲೆ ಕಾಲು ಸುತ್ತಿಸಿ ಎದುರಾಳಿಯನ್ನು ಏಮಾರಿಸುವ ಅವನ ಪಟ್ಟನ್ನು ದೇಶದ ಎಲ್ಲ ಶಾಲಾ ಮೈದಾನಗಳಲ್ಲಿ ಹುಡುಗರು ನಕಲು ಮಾಡಿದರು. 11ನೇ ನಂಬರಿನ ಅಂಗಿಗೆ ಜಗಳವಾಡಿದರು.

ಅದಕ್ಕೆ ಮೊದಲು, 1992ರಲ್ಲಿ, ಹಿರೋಶಿಮಾದ ಏಷ್ಯಾ ಕಪ್ ಇತ್ತು. ಗುಂಪಿನ ಕೊನೆಯ ಪಂದ್ಯ ಇರಾನ್ ಮೇಲೆ, ಗೆಲ್ಲಲೇಬೇಕು. ಮುಗಿಯಲು ಮೂರು ನಿಮಿಷ ಇದೆ ಅನ್ನುವಾಗ ಕಜು ಗೋಲು ಹೊಡೆದ. ಹೇಗೆ ಹೊಡೆದಿರಿ ಅಂತ ಕೇಳಿದ್ದಕ್ಕೆ ‘ಪ್ರಾಣ ತುಂಬಿದೆ, ಕಾಲಿಗೆ’ ಅಂದ. ಜಪಾನ್ ಮೊದಲ ಬಾರಿಗೆ ಏಷ್ಯಾ ಕಪ್ ಗೆದ್ದಿತು. ವಿಶ್ವಕಪ್ ಇನ್ನೇನು ಕೈಯಳತೆಯಲ್ಲಿದೆ ಅನ್ನಿಸಿತು.

ಕೈಯಳತೆಯಲ್ಲೇ ಇತ್ತು. 1993ರ ಅಕ್ಟೋಬರ್ 28, ದೋಹಾ. ಆರು ದೇಶಗಳ ಕೊನೆಯ ಸುತ್ತು, ಎರಡಕ್ಕೆ ಮಾತ್ರ ಅಮೆರಿಕದ ವಿಶ್ವಕಪ್ ಟಿಕೆಟ್. ಮೂರು ದಿನ ಮೊದಲು ಕಜುವಿನ ಒಂದೇ ಗೋಲಿನಿಂದ ದಕ್ಷಿಣ ಕೊರಿಯಾವನ್ನು ಸೋಲಿಸಿ ಜಪಾನ್ ಮುಂದಿತ್ತು. ಕೊನೆಯ ಪಂದ್ಯದಲ್ಲಿ ಇರಾಕನ್ನು ಗೆದ್ದರೆ ಆಯಿತು. ಐದನೇ ನಿಮಿಷಕ್ಕೇ ಕಜು ಗೋಲು ಹೊಡೆದ. ಇರಾಕ್ ಸಮ ಮಾಡಿತು. ನಕಾಯಾಮಾ ಮತ್ತೆ ಮುಂದೆ ಮಾಡಿದ, 2-1. ತೊಂಬತ್ತು ನಿಮಿಷ ಕಳೆಯಿತು. ಇರಾಕಿಗೆ ಒಂದು ಕಾರ್ನರ್. ಒಳಗೆ ಎತ್ತಿ ಹಾಕುತ್ತಾರೆ ಅಂತ ಎಲ್ಲರೂ ಗೋಲಿನ ಮುಂದೆ ಸೇರಿದ್ದಾರೆ, ಇರಾಕಿನವರು ಹತ್ತಿರದಲ್ಲೇ ನಿಂತವನಿಗೆ ಚೆಂಡು ತಳ್ಳಿದರು. ಅವನನ್ನು ತಡೆಯಲು ಓಡಿ ಬಂದವನು ಯಾರು? ಬೇರೆ ಯಾರೂ ಅಲ್ಲ, ದಾಳಿ ಮಾಡಬೇಕಾದ ಫಾರ್ವರ್ಡ್, ಕಜು. ಅವನು ಕಾಲು ಚಾಚಿ ಜಾರಿದ, ಇರಾಕಿನವನು ತಪ್ಪಿಸಿಕೊಂಡು ಚೆಂಡನ್ನು ಎತ್ತಿ ಹಾಕಿದ, ಒಂದು ತಲೆ ತಾಗಿತು, ಚೆಂಡು ನಿಧಾನವಾಗಿ, ನಿಜಕ್ಕೂ ನಿಧಾನವಾಗಿ, ಬಲೆಗೆ ಹೋಯಿತು. 2-2. ಜಪಾನಿಗೂ ಕೊರಿಯಾಕ್ಕೂ ಸಮ ಅಂಕ, ಗೋಲುಗಳ ಅಂತರದಲ್ಲಿ ಕೊರಿಯಾ ಒಳಗೆ, ಜಪಾನ್ ಹೊರಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಇದು ತುಟಿಗೆ ತಾಗಿ ಬಿದ್ದ ತುತ್ತು. ಆಟಗಾರರು ಹುಲ್ಲಿನ ಮೇಲೆ ಕುಸಿದು ಕೂತ ಚಿತ್ರ ಜಪಾನಿನವರಿಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅದಕ್ಕೊಂದು ಹೆಸರೂ ಇದೆ, ‘ದೋಹಾದ ದುರಂತ’. ಕುಸಿದವರಲ್ಲಿ ಹಾಜಿಮೆ ಮೊರಿಯಾಸು ಅನ್ನುವ ಮಿಡ್‌ಫೀಲ್ಡರ್ ಕೂಡ ಇದ್ದ. 2022ರಲ್ಲಿ ಅದೇ ಕತಾರಿಗೆ ಜಪಾನಿನ ಕೋಚ್ ಆಗಿ ಹೋಗಿ ಜರ್ಮನಿ, ಸ್ಪೇನ್ ಎರಡನ್ನೂ ಸೋಲಿಸಿದವನು ಅವನೇ.

1994ರಲ್ಲಿ ಕಜು ಇಟಲಿಯ ಜೆನೊವಾಕ್ಕೆ ಹೋದ. ಅಲ್ಲಿನ ಅತಿ ಮೇಲಿನ ಲೀಗಾದ ಸೀರಿ ಎ ಆಡಿದ ಮೊದಲ ಜಪಾನಿ. ಜಪಾನಿ ಕಂಪನಿಗಳ ಹಣಕ್ಕಾಗಿ ಕರೆತಂದಿದ್ದಾರೆ ಅನ್ನುವ ಗೊಣಗಾಟ ಅಲ್ಲಿತ್ತು. ಮೊದಲ ಪಂದ್ಯ ಮಿಲಾನ್ ಮೇಲೆ, ಅವರ ಡಿಫೆಂಡರ್ ಫ್ರಾಂಕೊ ಬರೇಸಿಗೆ ಡಿಕ್ಕಿ ಹೊಡೆದು ಮೂಗಿನ ಮೂಳೆ ಮುರಿಯಿತು. ವರ್ಷವಿಡೀ 21 ಪಂದ್ಯ, ಒಂದೇ ಗೋಲು. ಆ ಒಂದು ಗೋಲು ಊರಿನ ಎದುರಾಳಿ ಸಾಂಪ್ಡೋರಿಯಾ ಮೇಲೆ ಅನ್ನುವುದು ಅಲ್ಲಿನವರಿಗೆ ಸಣ್ಣ ಸಮಾಧಾನ.

ಈಗ ನಾನು ನಿಂತು ಹೇಳಬೇಕಾದ ಭಾಗ. 1997, ಫ್ರಾನ್ಸ್ ವಿಶ್ವಕಪ್ಪಿನ ಅರ್ಹತಾ ಸುತ್ತು. ಮೊದಲ ಪಂದ್ಯದಲ್ಲಿ ಉಜ್ಬೇಕಿಸ್ತಾನದ ಮೇಲೆ ಕಜು ನಾಲ್ಕು ಗೋಲು ಹೊಡೆದ. ಅಷ್ಟೇ. ಆ ಸುತ್ತಿನಲ್ಲಿ ಆಮೇಲೆ ಒಂದೂ ಬರಲಿಲ್ಲ. ತಂಡ ತಡವರಿಸಿತು, ಕೋಚ್ ಬದಲಾದರು, ತಕೇಶಿ ಓಕಾದಾ ಬಂದರು. ಟೋಕಿಯೊದಲ್ಲಿ ಯುಎಇ ಮೇಲೆ ಪಂದ್ಯ ಸಮವಾದ ರಾತ್ರಿ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಮುತ್ತಿಗೆ ಹಾಕಿ ಮೊಟ್ಟೆ ಎಸೆದರು, ಕುರ್ಚಿ ಎಸೆದರು. ನಾಲ್ಕು ವರ್ಷ ಹಿಂದೆ 11ರ ಅಂಗಿಗೆ ಜಗಳವಾಡಿದವರೂ ಆ ಗುಂಪಿನಲ್ಲಿ ಇದ್ದಿರಬೇಕು. ನವೆಂಬರಿನಲ್ಲಿ ಮಲೇಷ್ಯಾದ ಜೋಹೋರ್ ಬಹ್ರುವಿನಲ್ಲಿ ಇರಾನ್ ಎದುರು ಕೊನೆಯ ಅವಕಾಶ. ಪಂದ್ಯದ ನಡುವೆ ಬದಲಿ ಫಲಕ ಎತ್ತಿದರು. ಕಜು ಅತ್ತ ನೋಡಿ, ತನ್ನ ಎದೆಗೆ ಬೆರಳು ತೋರಿಸಿ, ‘ನಾನಾ?’ ಅಂತ ಕೇಳಿದ್ದು ಟೀವಿಯಲ್ಲಿ ಎಲ್ಲರಿಗೂ ಕಾಣಿಸಿತು. ಜಪಾನ್ 3-2ರಲ್ಲಿ ಗೆದ್ದಿತು. ಮೊದಲ ವಿಶ್ವಕಪ್ ಟಿಕೆಟ್ ಸಿಕ್ಕಿದ ಗಳಿಗೆಯಲ್ಲಿ, ಅದಕ್ಕಾಗಿ ಹದಿನೈದು ವರ್ಷದಿಂದ ಒದ್ದಾಡಿದವನು ಗೆರೆಯ ಆಚೆ ಬೆಂಚಿನಲ್ಲಿದ್ದ.

1998ರ ಜೂನ್ 2. ಸ್ವಿಟ್ಜರ್ಲೆಂಡಿನ ನ್ಯೋನ್, ವಿಶ್ವಕಪ್ಪಿಗೆ ಮೊದಲಿನ ಶಿಬಿರ. 25 ಜನರಲ್ಲಿ ಮೂವರನ್ನು ಕೈಬಿಡಬೇಕು. ಓಕಾದಾ ಪತ್ರಕರ್ತರ ಮುಂದೆ ಬಂದು ಹೆಸರು ಓದಿದರು. ಹೊರಗುಳಿಯುವವನು ಕಜು, ಅಂದರು. ಒಂದು ಕ್ಷಣ ಬಿಟ್ಟು, ಮಿಯುರಾ ಕಜು, ಅಂತ ಇನ್ನೊಮ್ಮೆ. ದೇಶದಲ್ಲಿ ಟೀವಿ ನೋಡುತ್ತಿದ್ದವರಿಗೆ ಎರಡನೇ ಸಲ ಹೇಳಿದ ಮೇಲೂ ನಂಬಿಕೆ ಬರಲಿಲ್ಲ. 11ನೇ ನಂಬರಿನ ಅಂಗಿ 18 ವರ್ಷದ ಶಿಂಜಿ ಓನೊ ಪಾಲಾಯಿತು.

ಓಕಾದಾ ಮಾಡಿದ್ದು ತಪ್ಪೇ? ಆಟದ ಲೆಕ್ಕದಲ್ಲಿ ತಪ್ಪೆನ್ನುವುದು ಕಷ್ಟ. ಕಜು ಆಗ ಮಂಕಾಗಿದ್ದ, ಅದು ನಿಜ. ಆದರೆ ಆ ತಂಡ ಫ್ರಾನ್ಸಿನಲ್ಲಿ ಮೂರಕ್ಕೆ ಮೂರೂ ಸೋತು ಒಂದೇ ಗೋಲು ಹೊಡೆದು ಮರಳಿದ್ದರಿಂದ, ಅವನಿದ್ದಿದ್ದರೆ ಅನ್ನುವ ಮಾತು ಇವತ್ತಿಗೂ ನಿಂತಿಲ್ಲ. ನನ್ನ ಮಟ್ಟಿಗೆ, ಬದಲಿಯಾಗಿ ಹತ್ತು ನಿಮಿಷವಾದರೂ ಇಳಿಸುವುದಕ್ಕೆ ಒಂದು ಜಾಗ ಇಟ್ಟುಕೊಳ್ಳಬಹುದಿತ್ತು.

ಶಿಬಿರದಿಂದ ಹೊರಟ ಕಜು ನೇರ ಊರಿಗೆ ಬರಲಿಲ್ಲ. ಮಿಲಾನಿನಲ್ಲಿ ಇಳಿದುಕೊಂಡ. ಜಪಾನಿಗೆ ಬಂದಾಗ ತಲೆಗೂದಲು ಬೆಳ್ಳಗೆ ಹೊಳೆಯುವ ಬಣ್ಣಕ್ಕೆ ತಿರುಗಿತ್ತು. ಅಳುತ್ತಾನೆ, ಬೈಯುತ್ತಾನೆ ಅಂತ ಕಾದಿದ್ದರು. ಅವನು ಆಡಿದ್ದು ಹೆಚ್ಚೂಕಡಿಮೆ ಒಂದೇ ಮಾತು: ಜಪಾನ್ ತಂಡದವನು ಅನ್ನುವ ಹೆಮ್ಮೆ, ಪ್ರಾಣ ಅನ್ನುತ್ತಾರಲ್ಲ, ಅದನ್ನು ಅಲ್ಲೇ ಇಟ್ಟು ಬಂದಿದ್ದೇನೆ. ನೋಡಿ, ಹಿರೋಶಿಮಾದಲ್ಲಿ ಕಾಲಿಗೆ ತುಂಬಿದ ‘ಪ್ರಾಣ’ವೇ ಇಲ್ಲೂ ಬಂದಿದೆ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನ್ನ ಭಾವನೆ. ಕಜು ವಿಶ್ವಕಪ್ ಆಡಿ ಒಂದೆರಡು ಗೋಲು ಹೊಡೆದಿದ್ದರೆ ಹಳೆಯ ಚಾಂಪಿಯನ್ ಆಗಿ ಗೌರವದಿಂದ ಮರೆತುಹೋಗುತ್ತಿದ್ದ. ಬಾಗಿಲವರೆಗೆ ಎಲ್ಲರನ್ನೂ ಕರೆತಂದು ತಾನು ಹೊಸ್ತಿಲ ಹೊರಗೆ ಉಳಿದವನನ್ನು ಮರೆಯುವುದು ಹೇಗೆ? ಮೊಟ್ಟೆ ಎಸೆದವರಿಗೂ ಅಂದಿನಿಂದ ಅವನ ಋಣ ಹತ್ತಿತು.

ಅವನೂ ಮರೆಯಗೊಡಲಿಲ್ಲ, ಆಡುತ್ತಲೇ ಹೋದ. ಕ್ರೊಯೇಷಿಯಾದ ಜಾಗ್ರೆಬ್, ಕ್ಯೋಟೊ, ಕೋಬೆ, 2005ರಿಂದ ಯೋಕೊಹಾಮಾ ಎಫ್‌ಸಿ, ನಡುವೆ ಸ್ವಲ್ಪ ದಿನ ಸಿಡ್ನಿ. ರಾಷ್ಟ್ರೀಯ ತಂಡದ ಬಾಗಿಲು 2000ದಲ್ಲಿ ಮುಚ್ಚಿತು, 89 ಪಂದ್ಯ, 55 ಗೋಲು. 2012ರಲ್ಲಿ 45ನೇ ವಯಸ್ಸಿಗೆ ಫುಟ್ಸಾಲ್, ಅಂದರೆ ಒಳಾಂಗಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್, ಅದರ ವಿಶ್ವಕಪ್ಪಿನಲ್ಲಿ ಜಪಾನಿಗೆ ಆಡಿದ, ಅದೊಂದು ಪಕ್ಕದ ದಾರಿ. 2007ರ ಡಿಸೆಂಬರಿನ ಕತೆ ನನಗೆ ಇಷ್ಟ. ಯೋಕೊಹಾಮಾ ಎಫ್‌ಸಿ ಲೀಗಿನ ತಳದಲ್ಲಿ ಬಿದ್ದು ಯಾವಾಗಲೋ ಕೆಳಗಿನ ಡಿವಿಷನ್ನಿಗೆ ಇಳಿದಾಗಿತ್ತು. ಕೊನೆಯ ದಿನ ಎದುರಿಗೆ ಉರಾವಾ ರೆಡ್ಸ್, ಏಷ್ಯಾದ ಚಾಂಪಿಯನ್. ಗೆದ್ದರೆ ಲೀಗೂ ಅವರದ್ದೇ. ನಲವತ್ತು ವರ್ಷದ ಕಜು ಬದಿಯಿಂದ ಎತ್ತಿ ಕೊಟ್ಟ ಚೆಂಡು ಗೋಲಾಯಿತು, 1-0. ಉರಾವಾಕ್ಕೆ ಸಿಗಬೇಕಿದ್ದ ಲೀಗ್ ಪಟ್ಟ ಕಾಶಿಮಾ ತಂಡದ ಪಾಲಾಯಿತು.

2017ರ ಮಾರ್ಚ್ 12ರಂದು ಗುನ್ಮಾ ತಂಡದ ಮೇಲೆ ಗೋಲು ಹೊಡೆದಾಗ ಅವನಿಗೆ 50 ವರ್ಷ 14 ದಿನ. ಒಂದು ವಾರ ಮೊದಲೇ, 1965ರಲ್ಲಿ ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಐವತ್ತು ತುಂಬಿ ಐದು ದಿನಕ್ಕೆ ಆಡಿದ್ದ ದಾಖಲೆಯನ್ನು ಅವನು ದಾಟಿದ್ದ. ಮ್ಯಾಥ್ಯೂಸ್ ಆ ಪಂದ್ಯ ಆಡುವಾಗ ಕಜು ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ಒಬ್ಬರು ಕೈ ಎತ್ತಿ, ಇದು ಟಿಕೆಟ್ ಮಾರುವ ತಂತ್ರ ಅಲ್ಲವೇ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಹೌದು. 2021ರಲ್ಲಿ ಇಡೀ ಲೀಗಿನಲ್ಲಿ ಅವನು ಇಳಿದದ್ದು ಒಂದೇ ಪಂದ್ಯಕ್ಕೆ, ಅದೂ ಮುಗಿಯುವ ಹೊತ್ತಿಗೆ. 2023ರಲ್ಲಿ 55ನೇ ವಯಸ್ಸಿಗೆ ಪೋರ್ಚುಗಲ್ಲಿನ ಎರಡನೇ ಡಿವಿಷನ್ನಿನ ಒಲಿವೇರೆನ್ಸೆಗೆ ಹೋದ. ಆ ಕ್ಲಬ್ಬಿಗೂ ಯೋಕೊಹಾಮಾ ಎಫ್‌ಸಿಗೂ ಹಣ ಹಾಕಿದ್ದು ಒಂದೇ ಸಂಸ್ಥೆ. ಅವನ ಒಪ್ಪಂದ ನವೀಕರಣವನ್ನು ಯೋಕೊಹಾಮಾದವರು ಜನವರಿ 11ರಂದು ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಪ್ರಕಟಿಸುತ್ತಿದ್ದರು. ಪ್ರಚಾರ ಗೊತ್ತಿರುವವರ ಕೆಲಸ ಅದು. ಅವನು ಕೂತ ಜಾಗದಲ್ಲಿ ಒಬ್ಬ ಇಪ್ಪತ್ತರ ಹುಡುಗ ಕೂರಬಹುದಿತ್ತು ಅನ್ನುವ ದೂರಿನಲ್ಲೂ ಹುರುಳಿದೆ.

ಆ ದೂರನ್ನು ಅತಿ ಗಟ್ಟಿಯಾಗಿ ಹೇಳಿದವರು ಇಸಾವೊ ಹಾರಿಮೊಟೊ, 3,085 ಹಿಟ್‌ಗಳ ಬೇಸ್‌ಬಾಲ್ ದಿಗ್ಗಜ. 2015ರಲ್ಲಿ ಭಾನುವಾರ ಬೆಳಗಿನ ಟೀವಿ ಕಾರ್ಯಕ್ರಮದಲ್ಲಿ, ಸಾಕು, ಇನ್ನು ಬಿಡಿ ಅಂದರು. ದೇಶವೇ ಹಾರಿಮೊಟೊ ಮೇಲೆ ಮುಗಿಬಿತ್ತು. ಕಜು ಏನಂದ ಗೊತ್ತೇ? ಇನ್ನೂ ಚೆನ್ನಾಗಿ ಆಡಿ ತೋರಿಸು ಅಂತ ಅವರು ಹೇಳಿದ್ದಾರೆ ಅಂದುಕೊಳ್ಳುತ್ತೇನೆ, ಅಂದ. ಅದನ್ನು ಕೇಳಿ ಹಾರಿಮೊಟೊ ಅದೇ ಕಾರ್ಯಕ್ರಮದಲ್ಲಿ ಶಹಬ್ಬಾಸ್ ಕೊಟ್ಟರು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ, ಹಿಂದಿನ ಸಾಲಿನವರು ಆಗಲೇ ಕಾಫಿ ಕಡೆ ನೋಡುತ್ತಿದ್ದಾರೆ. 2022ರಲ್ಲಿ ಕಜು ನಾಲ್ಕನೇ ಹಂತದ ಲೀಗಿನ ಸುಜುಕಾ ತಂಡಕ್ಕೆ ಸೇರಿದ್ದ. ಕೋಚ್ ಯಾರು? ಅಣ್ಣ ಯಸುತೋಶಿ. ಆ ಹಂತದ ಪಂದ್ಯಗಳಿಗೆ ಬರುವ ಜನ ನೂರರ ಲೆಕ್ಕದಲ್ಲಿ, ಹೆಚ್ಚೆಂದರೆ ಸಾವಿರ. ಅಕ್ಟೋಬರಿನಲ್ಲಿ ಅವರ ಒಂದು ಪಂದ್ಯ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿತ್ತು. ಒಲಿಂಪಿಕ್ಸಿಗಾಗಿ ಹಳೆಯದನ್ನು ಕೆಡವಿ ಕಟ್ಟಿದ ಹೊಸ ಕಟ್ಟಡ, ಆದರೆ ಜಾಗ ಅದೇ, 1993ರ ಮೇ ತಿಂಗಳ ರಾತ್ರಿ ಜೆ-ಲೀಗ್ ಹುಟ್ಟಿದ ಜಾಗ. ನಾಲ್ಕನೇ ಹಂತದ ಆ ಪಂದ್ಯಕ್ಕೆ 16 ಸಾವಿರಕ್ಕೂ ಹೆಚ್ಚು ಜನ ಬಂದರು. ಕಜುವಿಗೆ ಆಗ 55. ಮುಂದೆ ಪೋರ್ಚುಗಲ್ಲಿನಿಂದ ಮರಳಿ ಮತ್ತೆ ಸುಜುಕಾ ಸೇರಿ, 2025ರಲ್ಲಿ 58 ತುಂಬಿದ ಮೇಲೂ ಮೈದಾನಕ್ಕೆ ಇಳಿದ. ಬೆನ್ನ ಮೇಲಿನ ನಂಬರು 11.